ಕಳೆ ಕೊಚ್ಚುವ ಎಂಜಿನ್ನು ಕಾರಾದ ಕಥೆ

ಮುಂಗಾರಿನ ಮೊದಲ ಮಳೆ ಬಿದ್ದು ಹದಿನೈದು ದಿನ ಕಳೆಯಿತೆಂದರೆ ಕೊರಟಗೆರೆ, ಮಧುಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಬೆಳಗಿನಿಂದಲೇ ಗುರ್ರೆನ್ನುವ ಸದ್ದು ಏಳುತ್ತದೆ. ಹೆಗಲಿಗೆ ಪಟ್ಟಿ ಬಿಗಿದುಕೊಂಡು, ಉದ್ದನೆಯ ಕೊಳವೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಕಳೆ ಕೊಚ್ಚುವವರು ಸಾಲಿನಿಂದ ಸಾಲಿಗೆ ನಡೆಯುತ್ತಾರೆ. ಕೊಳವೆಯ ಮುಂದಿನ ತುದಿಯಲ್ಲಿ ಬ್ಲೇಡು, ಹಿಂದಿನ ತುದಿಯಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಎಂಜಿನ್ನು. ಹಗ್ಗ ಎಳೆದರೆ ಸ್ಟಾರ್ಟು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು.

ಈ ಎಂಜಿನ್ನಿನ ಒಡಹುಟ್ಟಿದ್ದೊಂದು ಹೊಲ ಬಿಟ್ಟು ಆಟದ ಬಯಲಿಗೆ ಹೋಗಿದೆ. ಸುಮಾರು ಎಂಬತ್ತು ಸೆಂಟಿಮೀಟರ್ ಉದ್ದ, ಹತ್ತು ಕಿಲೊ ತೂಕದ ರಿಮೋಟ್ ಕಾರು. ನಿಜವಾದ ಬಗ್ಗಿ ಕಾರಿನ ಐದರಲ್ಲೊಂದು ಅಳತೆ. ಕಲ್ಲು, ಗುಂಡಿ, ಮರಳು ಯಾವುದನ್ನೂ ಲೆಕ್ಕಿಸದೆ ಗಂಟೆಗೆ 60 ಕಿ.ಮೀ. ಮೀರಿ ಓಡಬಲ್ಲದು. ಜಾತ್ರೆಯಲ್ಲಿ ಕೊಂಡು ಮೂರು ದಿನಕ್ಕೆ ಮೂಲೆಗೆ ಸೇರುವ ಪ್ಲಾಸ್ಟಿಕ್ ಆಟಿಕೆಯ ಸಾಲಿಗೆ ಇದನ್ನು ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಒಡೆದರೆ ಎಸೆಯುವ ವಸ್ತು. ಇದು ಬಿಚ್ಚಿ, ತೊಳೆದು, ರಿಂಗು ಬದಲಿಸಿ ಮತ್ತೆ ಓಡಿಸುವ ಯಂತ್ರ.

ದೂರದಿಂದ ಯಂತ್ರವನ್ನು ನಡೆಸುವ ಆಸೆ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ರೇಡಿಯೊ ತರಂಗದಿಂದ ತಿರುಗಿಸಿ ತೋರಿಸಿದ. ಕಾರಿನ ಸರದಿ ಬರಲು ಬಹಳ ಕಾಲ ಬೇಕಾಯಿತು. 1966ರಲ್ಲಿ ಇಟಲಿಯ ಎಲ್ಜಿ ಎಂಬ ಕಂಪನಿ ಫೆರಾರಿಯ ಸಣ್ಣ ಪ್ರತಿರೂಪವನ್ನು ರೇಡಿಯೊ ಕಾರಾಗಿ ಮಾರಾಟಕ್ಕಿಟ್ಟಿತು. ಅದು ನುಣುಪು ನೆಲದ ಕಾರು. ಮಣ್ಣಿಗಿಳಿಯುವ ಕಾರನ್ನು ಮನೆಮನೆಗೆ ತಂದ ಹೆಸರು ಜಪಾನಿನ ತಮಿಯಾ. 1979ರಲ್ಲಿ ಬಂದ ಅದರ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಕಾರುಗಳಿಗೆ ನಿಜವಾದ ಬಗ್ಗಿಯ ಮಾದರಿಯ ಸಸ್ಪೆನ್ಷನ್ ಇತ್ತು. ಆದರೂ ಅವು ಬ್ಯಾಟರಿಯ ಮೇಲೆ ಓಡುವ, ಹತ್ತರಲ್ಲೊಂದು ಅಳತೆಯ ಕಾರುಗಳು. ಪಾವಗಡದ ನೊರಜುಗಲ್ಲಿನ ಮೇಲೆ ಬಿಟ್ಟರೆ ಪ್ರತಿ ಕಲ್ಲೂ ಅವಕ್ಕೆ ಬಂಡೆ.

ಕಾರು ದೊಡ್ಡದಾಗಬೇಕಾದರೆ ಎಂಜಿನ್ನು ದೊಡ್ಡದಾಗಬೇಕು. ಆಗ ಇದ್ದದ್ದು ಮಾದರಿ ವಿಮಾನಗಳಿಂದ ಬಂದ ಮೂರೂವರೆ ಸಿಸಿಯ ಸಣ್ಣ ಎಂಜಿನ್ನು. ಅದಕ್ಕೆ ಮೆಥನಾಲ್, ನೈಟ್ರೋಮೀಥೇನ್ ಬೆರೆಸಿದ ದುಬಾರಿ ಇಂಧನ ಬೇಕು. ಬಂಕಿನ ಪೆಟ್ರೋಲಿನಲ್ಲಿ ಓಡುವ, ಹಗುರವಾದ, ಬಿಡಿಭಾಗ ಸುಲಭವಾಗಿ ಸಿಗುವ ಎಂಜಿನ್ನು ಎಲ್ಲಿಂದ ಬರಬೇಕು? ಅದು ಅಷ್ಟರಲ್ಲಿ ಹುಲ್ಲಿನ ನಡುವೆ ಹುಟ್ಟಿ ಬೆಳೆದಾಗಿತ್ತು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್, ಕಾರು ತೊಳೆಯುವ ಯಂತ್ರದ ತಿರುಗುವ ನೈಲಾನ್ ಕುಂಚಗಳನ್ನು ನೋಡಿ, ತಿರುಗುವ ದಾರದಿಂದಲೇ ಹುಲ್ಲು ಕತ್ತರಿಸುವ ಯಂತ್ರವನ್ನು ಕಲ್ಪಿಸಿಕೊಂಡ. ಕೈಯಲ್ಲಿ ಹಿಡಿಯುವ ಹುಲ್ಲಿನ ಯಂತ್ರಗಳ ಮಾರುಕಟ್ಟೆ ದೊಡ್ಡದಾದಂತೆ ಸಣ್ಣ ಟೂ ಸ್ಟ್ರೋಕ್ ಎಂಜಿನ್ನುಗಳು ಲಕ್ಷಗಟ್ಟಲೆ ತಯಾರಾದವು. ಜಪಾನಿನ ಜೆನೋವಾ ಕಂಪನಿ ಇದರಲ್ಲಿ ಪಳಗಿದ ಕೈ. ಜರ್ಮನಿಯ ಎಫ್‌ಜಿ ಮೊದಲಾದವರು ಇಂಥ 23 ಸಿಸಿ ಎಂಜಿನ್ನನ್ನು ತಮ್ಮ ದೊಡ್ಡ ಕಾರುಗಳಿಗೆ ಕೂರಿಸಿದರು. ಕಾರು ತೊಳೆಯುವಲ್ಲಿ ಹೊಳೆದ ಯೋಚನೆ ಹುಲ್ಲು ಸುತ್ತಿ ಮತ್ತೆ ಕಾರಿಗೇ ಬಂತು.

ಒಂದು ತೊಡಕು ಉಳಿದಿತ್ತು. ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೊ ಗದ್ದಲ. ಎಂಜಿನ್ನಿನಿಂದ ಒಂದು ಗೇಣು ದೂರದಲ್ಲೇ ಸಿಗ್ನಲ್ ಹಿಡಿಯುವ ರಿಸೀವರ್ ಇರುವಾಗ ಈ ಗದ್ದಲಕ್ಕೆ ಕಾರು ತಾನೇ ತಿರುಗುವುದು, ತಾನೇ ವೇಗ ಪಡೆಯುವುದು ಆಗುತ್ತಿತ್ತು. ಹಳೆಯ ಹಾಡು ಕೇಳುವ ರೇಡಿಯೊ ಪಕ್ಕ ಮೊಪೆಡ್ ಸ್ಟಾರ್ಟ್ ಮಾಡಿದಾಗ ಬರುವ ಕರಕರ ನೆನಪಿರುವವರಿಗೆ ಇದು ಬೇಗ ಅರ್ಥವಾದೀತು. ಗದ್ದಲ ತಡೆಯುವ ರೆಸಿಸ್ಟರ್ ಪ್ಲಗ್ಗು ಅರ್ಧ ಪರಿಹಾರ. ಎರಡು ಸಾವಿರದ ದಶಕದ ಮಧ್ಯದಲ್ಲಿ ಬಂದ 2.4 ಗಿಗಾಹರ್ಟ್ಸ್ ರಿಮೋಟು ಉಳಿದರ್ಧ. ಕಿಡಿಯ ಗದ್ದಲ ಅಷ್ಟು ಮೇಲಿನ ತರಂಗಕ್ಕೆ ಹೆಚ್ಚು ಏರುವುದಿಲ್ಲ. ನಾಲ್ಕಾರು ಕಾರುಗಳು ಒಟ್ಟಿಗೆ ಓಡಿದರೂ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ತರಂಗಪಟ್ಟಿಯನ್ನು ಭಾರತ ಸರ್ಕಾರ ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದು 2005ರಲ್ಲಿ.

ಮರುವರ್ಷ, 2006ರಲ್ಲಿ, ಎಚ್‌ಪಿಐ ಕಂಪನಿಯ ಬಾಜಾ 5ಬಿ ಬಂತು. ಮೆಕ್ಸಿಕೊದ ಬಾಜಾ ಮರುಭೂಮಿಯಲ್ಲಿ 1967ರಿಂದ ನಡೆಯುವ ಕಾರು ಪಂದ್ಯದ ಹೆಸರನ್ನು ಹೊತ್ತ ಈ ಬಗ್ಗಿಯೇ ದೊಡ್ಡ ರಿಮೋಟ್ ಕಾರನ್ನು ಜಗತ್ತಿನ ತುಂಬ ಹರಡಿದ್ದು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋಸಿಯ ಫೈವ್-ಟಿ ಆಮೇಲೆ ಬಂತು. ಚೀನಾದ ರೋವನ್ ಮುಂತಾದವರು ಬಾಜಾಕ್ಕೆ ಹೊಂದುವ ಬಿಡಿಭಾಗಗಳನ್ನು, ಇಡೀ ಕಾರನ್ನೇ, ಕಡಿಮೆ ಬೆಲೆಗೆ ತಯಾರಿಸತೊಡಗಿದರು. ನಕಲು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಬಿಡಿಭಾಗ ಸಿಗದಿದ್ದರೆ ಎಂಥ ಯಂತ್ರವೂ ಗುಜರಿ.

ಈಗ ರಿಪೇರಿಯ ಮಾತು. ಇದರ ವಿದ್ಯೆ ನಮ್ಮಲ್ಲಿ ಮೊದಲಿಂದಲೂ ಇದೆ ಎನ್ನುವುದೇ ನಾನು ಹೇಳಹೊರಟಿರುವುದು. 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಬಂತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ ಎಲ್ಲವನ್ನೂ ಹೊತ್ತಿತು. ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಆಮೇಲೆ ಬಂದ ಆರ್‌ಎಕ್ಸ್ 100, ಎಲ್ಲವೂ ಟೂ ಸ್ಟ್ರೋಕ್. ಇವುಗಳ ಬೋರು ಮಾಡಿಸಿ, ರಿಂಗು ಹಾಕಿ, ಸೈಲೆನ್ಸರಿನ ಕಾರ್ಬನ್ ಸುಟ್ಟು ತೆಗೆದು ಬೆಳೆದ ಮೆಕ್ಯಾನಿಕ್‌ಗಳ ಕೈಗೇ ಇಂದು ಕಳೆ ಮಷೀನು ಬರುತ್ತದೆ. ಸ್ಟಾರ್ಟ್ ಆಗದ ಮಷೀನು ತಂದವರಿಗೆ ಅವರ ಮೊದಲ ಪ್ರಶ್ನೆ, “ಅಣ್ಣ, ಆಯಿಲ್ ಬೆರೆಸಿದ್ರಾ?” ಎಂದೇ. ಬಾಜಾಕ್ಕೂ ಅದೇ ಪ್ರಶ್ನೆ: 25ಕ್ಕೆ 1, ಅಂದರೆ ಲೀಟರಿಗೆ 40 ಎಂಎಲ್. ಮರೆತರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಪ್ಲಗ್ ಬಿಚ್ಚಿ ನೋಡುವ ಲೆಕ್ಕವೂ ಒಂದೇ. ತುದಿ ಚಹಾದ ಬಣ್ಣಕ್ಕಿದ್ದರೆ ಎಂಜಿನ್ನು ಸುಖವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಇಂಧನ ಹೆಚ್ಚು. ಬೆಳ್ಳಗಾಗಿದ್ದರೆ ಕಡಿಮೆ, ಬಿಸಿ ಏರಿದೆ, ತಕ್ಷಣ ನಿಲ್ಲಿಸಬೇಕು.

ಬೈಕಿನ ಮೆಕ್ಯಾನಿಕ್ ಎಡವುವುದು ಕಾರ್ಬೊರೇಟರಿನಲ್ಲಿ. ಬೈಕಿನದರಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು, ಅದರಲ್ಲಿ ತೇಲುವ ಫ್ಲೋಟು ಇರುತ್ತವೆ. ಕಳೆ ಮಷೀನನ್ನು ಬದುವಿನ ಮೇಲೆ ಓರೆ ಹಿಡಿಯಬೇಕು, ರಿಮೋಟ್ ಕಾರು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಅಲ್ಲಿ ಬಟ್ಟಲು ನಡೆಯುವುದಿಲ್ಲ. ಬದಲಿಗೆ ತೆಳ್ಳನೆಯ ಪೊರೆಯೊಂದು, ಡಯಾಫ್ರಮ್, ಎಂಜಿನ್ನಿನ ಹೊಟ್ಟೆಯ ಒತ್ತಡ ಏರಿಳಿದಂತೆ ಮಿಡಿದು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಈ ಪೊರೆ ಬಿರುಸಾದರೆ ಎಂಜಿನ್ನು ಹತ್ತಿ ಎರಡೇ ನಿಮಿಷಕ್ಕೆ ಆರುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲನ್ನು ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಅದು ಗಾಳಿಯ ತೇವ ಹೀರಿ ಕೆಡುತ್ತದೆ, ರಬ್ಬರ್ ಕೊಳವೆಗಳೂ ಹಾಳಾಗುತ್ತವೆ. ಆಟ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಉಳಿದದ್ದು ಸುಟ್ಟುಹೋಗುವತನಕ ಎಂಜಿನ್ನು ಓಡಿಸುವ ಅಭ್ಯಾಸ ನೂರು ರಿಪೇರಿ ಉಳಿಸುತ್ತದೆ.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರಿಮೋಟ್ ಕಾರಿನ ದೊಡ್ಡ ಶತ್ರು ದೂಳು. ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತಿನಿಂದ ಶಿರಾ, ಪಾವಗಡದ ಬಯಲಿನವರೆಗೆ ಹಬ್ಬಿರುವ ಕೆಂಪು ಮಣ್ಣಿನಲ್ಲಿ ಗ್ರಾನೈಟ್ ಶಿಥಿಲವಾಗಿ ಉಳಿದ ಬೆಣಚುಕಲ್ಲಿನ ಕಣವಿದೆ. ಅದು ಒಳಗೆ ಹೋದರೆ ಪಿಸ್ಟನ್ನಿನ ಮೈ ಮೇಲೆ ಉಜ್ಜುಕಾಗದ ಆಡಿಸಿದ ಹಾಗೆ. ಸ್ಪಂಜಿನ ಫಿಲ್ಟರನ್ನು ಪ್ರತಿ ಆಟಕ್ಕೂ ತೊಳೆದು, ಒಣಗಿಸಿ, ಎಣ್ಣೆ ಸವರಿಯೇ ಹಾಕಬೇಕು. ಎಣ್ಣೆಯಿಲ್ಲದ ಸ್ಪಂಜು ಜರಡಿ ಮಾತ್ರ. ಟೈರಿನ ಚಿಂತೆ ಮಾತ್ರ ಬೇಡ: ಅದರಲ್ಲಿ ಗಾಳಿಯಿಲ್ಲ, ಸ್ಪಂಜು ತುಂಬಿದೆ. ಕೆರೆಯಂಗಳದ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೂ ಕಾರು ಓಡುತ್ತಲೇ ಇರುತ್ತದೆ.

ಮಾರ್ಪಾಡಿನ ಹುಚ್ಚು ರಿಪೇರಿಯ ಬೆನ್ನಿಗೇ ಬರುತ್ತದೆ. ಸಸ್ಪೆನ್ಷನ್ನಿನ ಪ್ಲಾಸ್ಟಿಕ್ ತೋಳು ಮುರಿಯಿತೆಂದು ಅಲ್ಯೂಮಿನಿಯಂ ತೋಳು ಹಾಕುವುದು ಎಲ್ಲರ ಮೊದಲ ಹೆಜ್ಜೆ. ನನ್ನ ಮಟ್ಟಿಗೆ ಅದು ತಪ್ಪು ಹೆಜ್ಜೆ. ಬಾಗಿ ಪೆಟ್ಟು ನುಂಗುತ್ತಿದ್ದ ತೋಳು ಈಗ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ. ಮುರಿಯುವುದು ಅಗ್ಗದ ತೋಳಿನ ಬದಲು ದುಬಾರಿ ಗೇರ್ ಬಾಕ್ಸು. ಮರಳು ನೆಲಕ್ಕೆ ಎಂಜಿನ್ನಿನ ಕಡೆಯ ಸಣ್ಣ ಗೇರಿನ, ಅಂದರೆ ಪಿನಿಯನ್ನಿನ, ಒಂದೆರಡು ಹಲ್ಲು ಕಡಿಮೆ ಮಾಡಿದರೆ ಸಿಗುವ ಲಾಭವೇ ದೊಡ್ಡದು. ಸೈಲೆನ್ಸರ್ ಬದಲಿಸುವುದಕ್ಕೆ ಅರ್ಥವಿದೆ: 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ತೋರಿಸಿದಂತೆ, ಹೊಟ್ಟೆ ಉಬ್ಬಿದ ಕೊಳವೆಯೊಳಗೆ ತಿರುಗಿ ಬರುವ ಒತ್ತಡದ ಅಲೆ ಹೊರಗೆ ಜಾರುತ್ತಿದ್ದ ಹೊಸ ಇಂಧನವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಆದರೆ ಮೊದಲು ಹಣ ಹಾಕಬೇಕಾದದ್ದು ಸಿಗ್ನಲ್ ಕಡಿದಾಗ ಕಾರನ್ನು ತಾನೇ ನಿಲ್ಲಿಸುವ ಫೇಲ್‌ಸೇಫಿಗೆ, ಎಂಜಿನ್ನನ್ನು ದೂರದಿಂದಲೇ ಆರಿಸುವ ಕಿಲ್ ಸ್ವಿಚ್ಚಿಗೆ. ರಿಮೋಟಿನ ಬ್ಯಾಟರಿ ಸತ್ತ ಕ್ಷಣ, ಪೂರ್ತಿ ವೇಗದಲ್ಲಿರುವ ಹತ್ತು ಕಿಲೊ ಲೋಹ ಯಾರ ಕಾಲನ್ನಾದರೂ ಮುರಿಯಬಲ್ಲದು. ಜನ, ದನ, ಕುರಿ ಓಡಾಡುವ ಕಡೆ ಇದನ್ನು ಬಿಡಲೇಬಾರದು.

2015ರಲ್ಲಿ ಟ್ರಾಕ್ಸಸ್ ಕಂಪನಿಯ ಎಕ್ಸ್-ಮ್ಯಾಕ್ಸ್ ಬಂದ ಮೇಲೆ ದೊಡ್ಡ ಕಾರುಗಳೂ ಮತ್ತೆ ಬ್ಯಾಟರಿಯ ಕಡೆ ಹೊರಳಿವೆ. ಈಗ ಅವುಗಳಲ್ಲಿ ಹಲವಕ್ಕೆ ಎಂಟು ಸೆಲ್ಲಿನ ಲಿಥಿಯಂ ಬ್ಯಾಟರಿ, ಚಾರ್ಜ್ ತುಂಬಿದಾಗ 33.6 ವೋಲ್ಟ್. ಆಯಿಲ್ ಇಲ್ಲ, ಡಯಾಫ್ರಮ್ ಇಲ್ಲ. ಟೂ ಸ್ಟ್ರೋಕ್ ಹೊಗೆಯ ವಾಸನೆ ನನಗೆ ಇಷ್ಟ, ಆದರೂ ಈ ಬ್ಯಾಟರಿ ಕಾರಿನ ಮೋಟರಿನ ಎಳೆತ ಒಪ್ಪಲೇಬೇಕು. ಮೋಟರಿನಿಂದ ಹೊರಡುವುದು ಮೂರು ತಂತಿ. ಕಂಟ್ರೋಲರು ಬ್ಯಾಟರಿಯ ಕರೆಂಟನ್ನು ಮೂರು ತಂತಿಗಳಲ್ಲಿ ಒಂದರ ಹಿಂದೆ ಒಂದು ಬರುವಂತೆ ಹಂಚಿ ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ, ಅಂದರೆ ತ್ರೀ ಫೇಸ್. ಕೊಳವೆಬಾವಿಯ ತಳದಲ್ಲಿ ಮುಳುಗಿ ತಿರುಗುವ ಮೋಟರಿನ ತತ್ವವೂ ಇದೇ ತಿರುಗುವ ಕಾಂತಕ್ಷೇತ್ರ. ಹೊಸ ಮೋಟರ್ ಜೋಡಿಸಿದಾಗ ಕಾರು ಹಿಂದಕ್ಕೆ ಓಡಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿದರಾಯಿತು. ಸೆನ್ಸರಿನ ಕೇಬಲ್ ಇರುವ ಮೋಟರಿಗೆ ಮಾತ್ರ ಹಾಗೆ ಮಾಡಬಾರದು, ದಿಕ್ಕನ್ನು ಕಂಟ್ರೋಲರಿನಲ್ಲೇ ಬದಲಿಸಬೇಕು. ಹೊಸದಾಗಿ ಇಳಿಸಿದ ಬೋರಿನ ಮೋಟರು ಉಲ್ಟಾ ತಿರುಗಿ ನೀರು ಸಣ್ಣಗೆ ಬಂದಾಗ, ಸ್ಟಾರ್ಟರ್ ಬಾಕ್ಸಿನ ಮುಂದೆ ಅಪ್ಪನಿಗೆ ಟಾರ್ಚು ಹಿಡಿದು ನಿಂತ ಪಾವಗಡದ ಹುಡುಗ ಈ ಎರಡು ತಂತಿಗಳ ಅದಲುಬದಲನ್ನು ಆಗಲೇ ನೋಡಿದ್ದಾನೆ.