ಯಾವುದರ ನೂರಕ್ಕೆ?

ತುಮಕೂರಿನಲ್ಲಿ ನಾವು ಪಾಠ ಹೇಳುವ ಕಾಲೇಜಿಗೆ ಸುತ್ತಣ ಹೋಬಳಿಗಳಿಂದ ಅನೇಕ ವಿದ್ಯಾರ್ಥಿಗಳು ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅವರಲ್ಲಿ ಒಬ್ಬನು ಕೋರದವನು. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.78 ಬರಬೇಕಾದೆಡೆ ಅವನಿಗೆ 9.58 ಬಂದಿತು. ವ್ಯತ್ಯಾಸವಾದ 0.20ನ್ನು 9.78ರಿಂದ ಭಾಗಿಸಿ, ನೂರರಿಂದ ಗುಣಿಸಿ, ‘ದೋಷ ಶೇಕಡಾ 2’ ಎಂದು ಅವನು ತಪ್ಪಿಲ್ಲದೆ ಬರೆದನು. ಅದೇ ವಾರ ಅವನು ಅಂಗಡಿಯೊಂದರ ಕರಪತ್ರವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದನು. ಅವನ ತಾಯಿ ಊರಿನಲ್ಲಿ ಬಟ್ಟೆ ಹೊಲಿದು ಸಂಸಾರಕ್ಕೆ ನೆರವಾಗುವವರು. ಕಾಲಿನಿಂದ ತುಳಿಯುವ ಹಳೆಯ ಯಂತ್ರದ ಬದಲಿಗೆ ಮೋಟಾರಿನ ಹೊಲಿಗೆ ಯಂತ್ರವನ್ನು ಕೊಳ್ಳಬೇಕೆಂದು ಅವರ ಇಚ್ಛೆ; ಬೆಲೆ 12,000 ರೂಪಾಯಿ. ಅಂಗಡಿಯವರು ಶೇಕಡಾ 12ರ ಬಡ್ಡಿಗೆ ಹನ್ನೆರಡು ತಿಂಗಳ ಕಂತಿನ ಮೇಲೆ ಕೊಡಲು ಒಪ್ಪಿದ್ದರು. ಊರಿನ ಸಾಹುಕಾರರೊಬ್ಬರು ‘ಎರಡು ರೂಪಾಯಿ ಬಡ್ಡಿ’ಗೆ ಹಣ ಕೊಡುವುದಾಗಿ ಹೇಳಿದ್ದರು.

ಹುಡುಗನು ಮೊದಲು ಎರಡು ರೂಪಾಯಿಯೆಂದರೆ ಶೇಕಡಾ ಎರಡು, ಇದಕ್ಕಿಂತ ಅಗ್ಗವುಂಟೆ ಎಂದು ಹಿಗ್ಗಿದನಂತೆ. ತಾಯಿ ನಕ್ಕು, ಅದು ತಿಂಗಳ ಲೆಕ್ಕವೆಂದು ತಿದ್ದಿದರು. ನೂರಕ್ಕೆ ತಿಂಗಳಿಗೆ ಎರಡು, ಎಂದರೆ ವರ್ಷಕ್ಕೆ 24. ‘ಹಾಗಾದರೆ ಅಂಗಡಿಯದೇ ಅರ್ಧದಷ್ಟು ಅಗ್ಗವಾಯಿತಲ್ಲವೆ, ಸಾರ್?’ ಎಂಬುದು ಅವನು ನಮ್ಮ ಮುಂದಿಟ್ಟ ಪ್ರಶ್ನೆ. ಇದಕ್ಕೆ ಉತ್ತರವನ್ನು ಲೇಖನದ ಕೊನೆಯಲ್ಲಿ ನೋಡೋಣ. ಅದಕ್ಕೆ ಮೊದಲು ಇನ್ನೂ ಸುಲಭವಾದ ಕೆಲವು ವ್ಯಾಪಾರಗಳನ್ನು ಮಾಡಿ ಕೈಪಳಗಿಸಿಕೊಳ್ಳುವುದು ಮೇಲು.

‘ಶೇಕಡಾ’ ಎಂಬುದು ಹಿಂದೂಸ್ಥಾನಿಯ ಕಡೆಯಿಂದ ನಮ್ಮ ವ್ಯವಹಾರಕ್ಕೆ ಬಂದ ಮಾತು, ‘ಪ್ರತಿಶತ’ ಸಂಸ್ಕೃತದ್ದು, ಹಳ್ಳಿಯ ಜನ ಸಾಮಾನ್ಯವಾಗಿ ಹೇಳುವುದು ‘ನೂರಕ್ಕೆ ಇಷ್ಟು’ ಎಂದು. ಮೂರರಲ್ಲಿ ಕೊನೆಯದೇ ನಮಗೆ ಹೆಚ್ಚು ಪ್ರಿಯ. ನೂರಕ್ಕೆ ಎಂದೊಡನೆ ‘ಯಾವುದರ ನೂರಕ್ಕೆ?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಡ್ಡಿಯನ್ನು ತಿಂಗಳಿಗೆ ಲೆಕ್ಕ ಹಾಕುವ ಪದ್ಧತಿಯಾದರೂ ನಿನ್ನೆ ಮೊನ್ನೆಯದಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಬಡ್ಡಿಯ ಲೆಕ್ಕಗಳು ಧಾರಾಳವಾಗಿವೆ. 12ನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯ ಒಂದು ಲೆಕ್ಕದಲ್ಲಿ ದರವು ನೂರಕ್ಕೆ ತಿಂಗಳಿಗೆ ಐದು! ಶಾಲೆಯ ಪುಸ್ತಕ ವರ್ಷದ ದರವನ್ನು ಕಲಿಸಿತು. ಊರು ತಿಂಗಳ ದರವನ್ನು ಬಿಡಲಿಲ್ಲ. ಹುಡುಗನು ಎಡವಿದ್ದು ಈ ಎರಡರ ನಡುವೆ.

ನಮ್ಮ ಅಜ್ಜಂದಿರು ರೂಪಾಯಿಗೆ ಇಷ್ಟಾಣೆ ಎಂದು ಲೆಕ್ಕ ಮಾಡುತ್ತಿದ್ದರು. ಹದಿನಾರಾಣೆಗೆ ಒಂದು ರೂಪಾಯಿಯಾದುದರಿಂದ, ರೂಪಾಯಿಗೆ ಒಂದಾಣೆ ಸೋಡಿ ಎಂದರೆ ನೂರಕ್ಕೆ ಆರೂಕಾಲು. ಎರಡಾಣೆ ಎಂದರೆ ಹನ್ನೆರಡೂವರೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ಪೈಸೆಯಾದ ಮೇಲೆ ಈ ತೊಡಕು ಹೋಯಿತು. ಶೇಕಡಾ 12 ಎಂದರೆ ರೂಪಾಯಿಗೆ 12 ಪೈಸೆ, ಅಷ್ಟೆ. ಬಾಯಿಲೆಕ್ಕಕ್ಕೆ ಇನ್ನೊಂದು ಉಪಾಯವೂ ಉಂಟು: 50ರಲ್ಲಿ ಶೇಕಡಾ 18 ಎಷ್ಟೆಂದು ತಿಣುಕುವ ಬದಲು 18ರಲ್ಲಿ ಶೇಕಡಾ 50 ಎಷ್ಟೆಂದು ಕೇಳಿಕೊಳ್ಳಬಹುದು. ಎರಡೂ ಒಂಬತ್ತೇ.

ಈಗ ಪೇಟೆಗೆ ಹೋಗೋಣ. ಆಷಾಢಮಾಸ, ಮದುವೆಗಳಿಲ್ಲ, ಬಟ್ಟೆಯಂಗಡಿಗಳಲ್ಲಿ ರಿಯಾಯಿತಿಯ ಸುಗ್ಗಿ. 1,000 ರೂಪಾಯಿಯ ಸೀರೆಗೆ ‘ಶೇಕಡಾ 20 ಸೋಡಿ, ಅದರ ಮೇಲೆ ಇನ್ನೂ 10’ ಎಂದು ಬರೆದಿದೆ. ನೋಡಿದವರು ಮೂವತ್ತು ಎಂದು ಕೂಡಿಬಿಡುತ್ತಾರೆ. ಆದರೆ ಮೊದಲ ಇಪ್ಪತ್ತು ಸಾವಿರದ ಮೇಲೆ. ಅದನ್ನು ಕಳೆದು ಉಳಿಯುವುದು 800. ಎರಡನೆಯ ಹತ್ತು ಈ ಎಂಟು ನೂರರ ಮೇಲೆ, ಉಳಿಯುವುದು 720. ಒಟ್ಟು ಸೋಡಿ 28. ಮೊದಲು ಹತ್ತು, ಆಮೇಲೆ ಇಪ್ಪತ್ತು ಎಂದರೂ 720ಕ್ಕೇ ಬಂದು ನಿಲ್ಲುತ್ತದೆ. ಏಕೆಂದರೆ ಇಲ್ಲಿ ನಡೆಯುವುದು ಗುಣಾಕಾರ, ಕೂಡುವಿಕೆಯಲ್ಲ. ಇನ್ನೊಂದು ಸಂಗತಿ: 800 ರೂಪಾಯಿಯ ಸೀರೆಗೆ ಶೇಕಡಾ 25ರಷ್ಟು ಏರಿಸಿ ಸಾವಿರವೆಂದು ಚೀಟಿ ಅಂಟಿಸಿ, ಆ ಬಳಿಕ ಶೇಕಡಾ 20 ಇಳಿಸಿದರೆ ಬೆಲೆ ಹೊರಟಲ್ಲಿಗೇ ಮರಳುತ್ತದೆ. ಏರಿದ್ದು 25, ಇಳಿದದ್ದು 20, ಆದರೂ ಸರಿಸಮ. ಮೊದಲನೆಯದು ಎಂಟು ನೂರರ ಮೇಲೆ, ಎರಡನೆಯದು ಸಾವಿರದ ಮೇಲೆ. (‘ಶೇಕಡಾ 50ರವರೆಗೆ’ ಎಂಬ ಫಲಕದಲ್ಲಿ ‘ವರೆಗೆ’ ಎಂಬುದನ್ನು ಇರುವೆಯಷ್ಟು ಸಣ್ಣಗೆ ಬರೆದಿರುತ್ತಾರೆ. ಅದು ಗಣಿತದ ವಿಷಯವಲ್ಲ, ಕಣ್ಣಿನ ವಿಷಯ.)

ದಿನಸಿ ಅಂಗಡಿಯಲ್ಲಿ ನೂರು ಗ್ರಾಂ ಸಾಬೂನಿಗೆ 40 ರೂಪಾಯಿ. ಒಂದು ಕಂಪನಿ ಅದೇ ಬೆಲೆಗೆ ‘ಶೇಕಡಾ 25 ಹೆಚ್ಚು’ ಎನ್ನುತ್ತದೆ. ಇನ್ನೊಂದು ಬೆಲೆಯಲ್ಲಿ ‘ಶೇಕಡಾ 25 ಕಡಿಮೆ’ ಎನ್ನುತ್ತದೆ. ಎರಡೂ ಒಂದೇ ಎಂದು ತೋರುವುದು ಸಹಜ. ಮೊದಲನೆಯದರಲ್ಲಿ 40 ರೂಪಾಯಿಗೆ 125 ಗ್ರಾಂ, ಗ್ರಾಮಿಗೆ 32 ಪೈಸೆ. ಎರಡನೆಯದರಲ್ಲಿ 30 ರೂಪಾಯಿಗೆ 100 ಗ್ರಾಂ, ಗ್ರಾಮಿಗೆ 30 ಪೈಸೆ. ಹೆಚ್ಚು ಕೊಟ್ಟವನಿಗಿಂತ ಕಡಿಮೆ ಕೇಳಿದವನೇ ಉದಾರಿ. ಒಂದು ಗ್ರಾಮಿನ ಬೆಲೆಯನ್ನು ಈಗ ಅನೇಕ ಪೊಟ್ಟಣಗಳ ಮೇಲೆಯೇ ಮುದ್ರಿಸಿರುತ್ತಾರೆ. ಅದನ್ನು ಓದಿದರೆ ಈ ಲೆಕ್ಕದ ಶ್ರಮವೂ ತಪ್ಪುತ್ತದೆ.

ತೆರಿಗೆಯ ವಿಷಯದಲ್ಲಿ ವಿದ್ಯಾವಂತರೂ ಮುಗ್ಗರಿಸುವುದನ್ನು ನಾವು ಕಂಡಿದ್ದೇವೆ. ಸರಕು ಮತ್ತು ಸೇವಾ ತೆರಿಗೆ ದೇಶದಲ್ಲಿ ಜಾರಿಗೆ ಬಂದುದು 2017ರ ಜುಲೈ 1ರಂದು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನು, ತಲೆಗೆಣ್ಣೆ, ಹಲ್ಲುಜ್ಜುವ ಪೇಸ್ಟು ಮೊದಲಾದವುಗಳ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಹದಿನೆಂಟರಲ್ಲಿ ಐದು ಕಳೆದರೆ ಹದಿಮೂರು; ಆದುದರಿಂದ 59 ರೂಪಾಯಿಯ ಪೇಸ್ಟಿನ ಬೆಲೆ ಶೇಕಡಾ 13ರಷ್ಟು ಇಳಿಯಬೇಕೆಂದು ಆಗ ಬಹಳ ಮಂದಿ ವಾದಿಸಿದರು. ಆದರೆ ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ತೆರಿಗೆಯನ್ನು ಹಾಕುವುದು ಅದಕ್ಕೆ ಮೊದಲಿನ ಬೆಲೆಯ ಮೇಲೆ. 59ನ್ನು 1.18ರಿಂದ ಭಾಗಿಸಿದರೆ ಆ ಮೂಲಬೆಲೆ 50 ದೊರೆಯುತ್ತದೆ. ಐವತ್ತಕ್ಕೆ ಶೇಕಡಾ 5 ಸೇರಿಸಿದರೆ 52 ರೂಪಾಯಿ 50 ಪೈಸೆ. ಇಳಿದದ್ದು ಆರೂವರೆ ರೂಪಾಯಿ. ಅದು ಐವತ್ತರ ಶೇಕಡಾ 13 ನಿಜ, ಆದರೆ ಗಿರಾಕಿ ಕೊಡುತ್ತಿದ್ದ ಐವತ್ತೊಂಬತ್ತರ ಶೇಕಡಾ 11 ಮಾತ್ರ. ಶೇಕಡಾ ಹದಿಮೂರನ್ನು ಕೇಳಿ ಅಂಗಡಿಯವನೊಡನೆ ಜಗಳವಾಡುವುದು ಅನ್ಯಾಯ. ಪೊಟ್ಟಣದ ಬೆಲೆಯ ಮೇಲೆ ಮತ್ತೆ ತೆರಿಗೆ ಸೇರಿಸಿ ಬಿಲ್ಲು ಬರೆಯುವವನೊಡನೆ ಮಾತ್ರ ಜಗಳವಾಡಲೇಬೇಕು. ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲು ಮಾಡುವುದು ಕಾನೂನಿಗೆ ವಿರುದ್ಧ.

ಚಿನ್ನದಂಗಡಿಯ ಬಿಲ್ಲಿನಲ್ಲಿ ನೂರುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಡವೆಯ ಮೇಲಿನ 916 ಎಂಬ ಮುದ್ರೆಯೇ ಒಂದು ಶೇಕಡಾವಾರು: ಸಾವಿರ ಭಾಗದಲ್ಲಿ 916 ಭಾಗ, ಎಂದರೆ ಶೇಕಡಾ 91.6, ಶುದ್ಧ ಚಿನ್ನ. ಹತ್ತು ಗ್ರಾಂ ಸರಕ್ಕೆ ‘ವೇಸ್ಟೇಜ್ ಶೇಕಡಾ 12’ ಎಂದರೆ ನಾವು 11.2 ಗ್ರಾಮಿನ ಬೆಲೆ ತೆರಬೇಕು. ಅದರ ಮೇಲೆ ಶೇಕಡಾ 3 ತೆರಿಗೆ ಸೇರಿ 11.536 ಗ್ರಾಮಿನ ಬೆಲೆಯಾಗುತ್ತದೆ. ಅದೇ ದಿನ ಅದೇ ದರದಲ್ಲಿ ಮಾರಿದರೂ ಹಿಂದಕ್ಕೆ ಸಿಕ್ಕುವುದು ಹೆಚ್ಚೆಂದರೆ ಹತ್ತು ಗ್ರಾಮಿನ ಬೆಲೆ. ಕೊಟ್ಟ ಹಣದ ಶೇಕಡಾ 13ಕ್ಕೂ ಹೆಚ್ಚು ಭಾಗ ಅಂಗಡಿಯ ಹೊಸ್ತಿಲಿನಲ್ಲೇ ಉಳಿಯಿತು. ತೊಡುವ ಸಂತೋಷಕ್ಕೆ ಇದು ದುಬಾರಿಯೋ ಅಲ್ಲವೋ ಎಂಬುದನ್ನು ಮನೆಯವರು ತೀರ್ಮಾನಿಸಲಿ.

ಇನ್ನು ಹೊಲಿಗೆ ಯಂತ್ರಕ್ಕೆ ಬರೋಣ. ಅಂಗಡಿಯ ಲೆಕ್ಕ ಹೀಗಿತ್ತು: 12,000ಕ್ಕೆ ಶೇಕಡಾ 12ರಂತೆ ವರ್ಷದ ಬಡ್ಡಿ 1,440, ಒಟ್ಟು 13,440, ತಿಂಗಳ ಕಂತು 1,120. ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಆದರೆ ಯಾವುದರ ನೂರಕ್ಕೆ ಹನ್ನೆರಡು? ಹನ್ನೆರಡು ಸಾವಿರದ ಸಾಲವು ತಾಯಿಯ ಮೇಲೆ ಇರುವುದು ಮೊದಲನೆಯ ತಿಂಗಳು ಮಾತ್ರ. ಪ್ರತಿ ಕಂತಿನಲ್ಲಿ ಸುಮಾರಾಗಿ ಸಾವಿರ ರೂಪಾಯಿ ಅಸಲು ತೀರುತ್ತ ಹೋಗುವುದರಿಂದ ಸಾಲವು ಎರಡನೆಯ ತಿಂಗಳು 11,000, ಮೂರನೆಯದರಲ್ಲಿ 10,000, ಕೊನೆಯದರಲ್ಲಿ 1,000. ಈ ಹನ್ನೆರಡು ಸಂಖ್ಯೆಗಳ ಮೊತ್ತ 78,000; ಸರಾಸರಿ 6,500. ಎಂದರೆ ಆಕೆ ವರ್ಷವಿಡೀ ಬಳಸಿದ್ದು ಸರಾಸರಿ ಆರೂವರೆ ಸಾವಿರ, ಬಡ್ಡಿ ತೆತ್ತದ್ದು ಹನ್ನೆರಡು ಸಾವಿರಕ್ಕೆ. 6,500ಕ್ಕೆ 1,440 ಎಂದರೆ ನೂರಕ್ಕೆ ಸುಮಾರು 22. ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ 21.5 ಬರುತ್ತದೆ.

ಕರಪತ್ರದ ಹಿಂಬದಿಯಲ್ಲಿ ‘ಕಾಗದಪತ್ರದ ವೆಚ್ಚ 300’ ಎಂದೂ ಇತ್ತು. ಅದನ್ನು ಮೊದಲ ದಿನವೇ ಕೊಡಬೇಕು. ಸಾಲದ ಸಲುವಾಗಿಯೇ ತೆರುವ ಹಣಕ್ಕೆ ಹೆಸರು ಏನೇ ಇರಲಿ, ಅದೂ ಬಡ್ಡಿಯೇ. ಇದನ್ನೂ ಸೇರಿಸಿದರೆ ನಿಜವಾದ ದರ ವರ್ಷಕ್ಕೆ 26.4ಕ್ಕೆ ಏರುತ್ತದೆ. ಹುಡುಗನ ಮುಖ ಸಣ್ಣದಾಯಿತು. ಅರ್ಧದಷ್ಟು ಅಗ್ಗವೆಂದು ಅವನು ನಂಬಿದ್ದ ಸಾಲವು ಎರಡು ರೂಪಾಯಿ ಬಡ್ಡಿಯನ್ನೂ ಮೀರಿಸಿತ್ತು. ಹಾಗೆಂದು ಸಾಹುಕಾರರ ಸಾಲವೇ ಮೇಲೆಂದು ಹೇಳುವಂತಿಲ್ಲ. ಅಸಲನ್ನು ತಿಂಗಳು ತಿಂಗಳೂ ಅಷ್ಟಷ್ಟೇ ತೆಗೆದುಕೊಳ್ಳಲು ಅವರು ಒಪ್ಪಿದರೆ ಬಡ್ಡಿ 1,560. ವರ್ಷದ ಕೊನೆಗೆ ಒಟ್ಟಿಗೇ ಕೊಡಬೇಕೆಂದರೆ 2,880. ದರ ಒಂದೇ ಆದರೂ ತೆರುವ ಹಣ ಹೆಚ್ಚು ಕಡಿಮೆ ಇಮ್ಮಡಿ.

‘ಶೂನ್ಯ ಬಡ್ಡಿ’ಯ ಕಂತುಗಳದೂ ಇದೇ ಜಾತಿಯ ಕಥೆ. ನಗದು ಕೊಟ್ಟವನಿಗೆ 12,000ದ ಸಾಮಾನು 11,400ಕ್ಕೆ ದೊರೆತು, ಕಂತಿನವನು ತಿಂಗಳಿಗೆ ಸಾವಿರದಂತೆ ಪೂರಾ ಹನ್ನೆರಡು ಸಾವಿರ ಕೊಟ್ಟರೆ, ಆ 600 ರೂಪಾಯಿಯನ್ನು ಬಡ್ಡಿಯಲ್ಲದೆ ಇನ್ನೇನೆಂದು ಕರೆಯೋಣ? ದರವು ಶೇಕಡಾ 9ನ್ನು ಮೀರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿತು.

ಎರಡು ವಾರಗಳ ತರುವಾಯ ಹುಡುಗನು ಮತ್ತೆ ಬಂದನು. ತಾಯಿ ತಾವು ಸದಸ್ಯೆಯಾಗಿರುವ ಮಹಿಳಾ ಸಂಘದಿಂದ 12,000 ರೂಪಾಯಿ ಪಡೆದಿದ್ದರು. ಒಂದು ರೂಪಾಯಿ ಬಡ್ಡಿ, ಅದೂ ಉಳಿದಿರುವ ಅಸಲಿನ ಮೇಲೆ, ಬೇರೆ ವೆಚ್ಚವಿಲ್ಲ. ಅಂಗಡಿಯವರು ಹೇಳಿದ್ದೂ ವರ್ಷಕ್ಕೆ ನೂರಕ್ಕೆ ಹನ್ನೆರಡೇ, ಸಂಘದ್ದೂ ಹನ್ನೆರಡೇ. ಅಲ್ಲಿ 1,740 ಆಗುತ್ತಿದ್ದುದು ಇಲ್ಲಿ 780ಕ್ಕೆ ಮುಗಿಯುತ್ತದೆ. ಹುಡುಗನು ತನ್ನ ಪ್ರಯೋಗ ಪುಸ್ತಕದ ಕಡೆಯ ಹಾಳೆಯಲ್ಲಿ ಅದರ ಪಟ್ಟಿಯನ್ನು ಬರೆದು ತಂದಿದ್ದನು: ಮೊದಲ ತಿಂಗಳ ಬಡ್ಡಿ 120 ರೂಪಾಯಿ, ಎರಡನೆಯದು 110, ಹೀಗೆಯೇ ಇಳಿಯುತ್ತ ಕೊನೆಯದು 10.