ಬೇಸಿಗೆಯ ತಾಪವೂ ಮನೆಯ ಔಷಧವೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ಹೈದರಾಬಾದಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಅಪರೂಪವಲ್ಲ. ಮೈಸೂರು, ಬೆಂಗಳೂರುಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಗೃಹಿಣಿಯರಿಗೆ ಇದರ ಮೊದಲ ಪಾಠ ದೊರೆಯುವುದು ಅಡಿಗೆಮನೆಯಲ್ಲಿ. ಊರಿನಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆಗೆ ಹದವಾಗಿ ಉಬ್ಬುತ್ತಿದ್ದ ಇಡ್ಲಿ ಹಿಟ್ಟು ಇಲ್ಲಿ ಬೆಳಗಾಗುವುದರೊಳಗೆ ಹುಳಿಯೇರಿ ಪಾತ್ರೆಯಿಂದ ಹೊರಚೆಲ್ಲಿರುತ್ತದೆ. ಅಕ್ಕಿ, ಉದ್ದು, ಅಳತೆ ಎಲ್ಲವೂ ಹಿಂದಿನವೇ, ಬದಲಾದುದು ಉಷ್ಣತೆಯೊಂದೇ.

ಶಾಖ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಗಳ ವೇಗವೂ ಹೆಚ್ಚುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಇದರ ಕಾರಣವನ್ನು 1889ರಲ್ಲಿ ವಿವರಿಸಿದವರು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್. ಅಣುಗಳು ಒಂದಕ್ಕೊಂದು ತಾಗಿದ ಮಾತ್ರಕ್ಕೆ ಕ್ರಿಯೆ ನಡೆಯದು. ಅವುಗಳಲ್ಲಿ ಕನಿಷ್ಠ ಇಷ್ಟು ಶಕ್ತಿ ಇರಲೇಬೇಕು ಎಂಬ ಒಂದು ಹೊಸ್ತಿಲುಂಟು. ಅನಿಲವೊಂದರ ಉಷ್ಣತೆ 27ರಿಂದ 37 ಡಿಗ್ರಿಗೆ ಏರಿದಾಗ ಅದರ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇಕಡಾ 2ಕ್ಕಿಂತಲೂ ಕಡಿಮೆ. ಆದರೆ ಆ ಹೊಸ್ತಿಲನ್ನು ದಾಟಬಲ್ಲ ಅಣುಗಳ ಸಂಖ್ಯೆ ಇಮ್ಮಡಿಯಾಗಬಲ್ಲದು.

ಹಿಟ್ಟು ಹುಳಿತರೆ ಮೂಗಿಗೆ ತಿಳಿಯುತ್ತದೆ. ಔಷಧ ಕೆಟ್ಟರೆ ತಿಳಿಯುವುದಿಲ್ಲ. ಮಧುಮೇಹದ ರೋಗಿಗಳು ಬಳಸುವ ಇನ್ಸುಲಿನ್ ಒಂದು ಪ್ರೋಟೀನು. ತಾಪಕ್ಕೆ ಸಿಕ್ಕರೆ ಅದರ ಅಣುಗಳು ರೂಪಗೆಟ್ಟು ಸತ್ತ್ವ ಕಳೆದುಕೊಳ್ಳುತ್ತವೆ. ಸೀಸೆ ಮಾತ್ರ ಮೊದಲಿನಂತೆಯೇ ಕಾಣಬಹುದು. ದಿನವೂ ತಪ್ಪದೆ ಚುಚ್ಚಿಕೊಂಡರೂ ರಕ್ತದ ಸಕ್ಕರೆ ಇಳಿಯದಿದ್ದರೆ ಇದೂ ಒಂದು ಕಾರಣವಿರಬಹುದು.

ಲಸಿಕೆಗಳ ಪಾಡೂ ಹೀಗೆಯೇ. 1953ರಲ್ಲಿ ಆರಂಭವಾದ ಬಯಾಲಜಿಕಲ್ ಇ, 1982ರ ಇಂಡಿಯನ್ ಇಮ್ಯುನಾಲಜಿಕಲ್ಸ್, ಅನಂತರದ ಭಾರತ್ ಬಯೋಟೆಕ್ ಮೊದಲಾದ ಸಂಸ್ಥೆಗಳಿಂದ ಹೈದರಾಬಾದು ಲಸಿಕೆಗಳ ನಗರವೆನಿಸಿದೆ. ಕಾರ್ಖಾನೆಯಿಂದ ಮಗುವಿನವರೆಗೂ ತಂಪು ತಪ್ಪದಂತೆ ಅವುಗಳನ್ನು ಸಾಗಿಸಬೇಕು. ದಾರಿಯಲ್ಲಿ ತಾಪ ತಗುಲಿತೇ ಎಂದು ಅರಿಯಲು 1996ರಿಂದ ಪೋಲಿಯೋ ಹನಿಯ ಸೀಸೆಗಳ ಮೇಲೆ ಒಂದು ಗುರುತು ಬಂದಿತು: ಬಣ್ಣದ ವೃತ್ತ, ಅದರೊಳಗೊಂದು ತಿಳಿಬಣ್ಣದ ಚೌಕ. ಶಾಖ ತಗುಲಿದಂತೆಲ್ಲ ರಾಸಾಯನಿಕ ಕ್ರಿಯೆಯಿಂದ ಚೌಕ ಕಪ್ಪಾಗುತ್ತ ಹೋಗುತ್ತದೆ. ಅದು ವೃತ್ತದಷ್ಟೇ ಕಪ್ಪಾದರೆ ಲಸಿಕೆಯನ್ನು ಎಸೆಯಬೇಕು. 37 ಡಿಗ್ರಿಯಲ್ಲಿ ಆ ಹಂತ ಮುಟ್ಟಲು 2 ದಿನ ಸಾಕು. 5 ಡಿಗ್ರಿಯಲ್ಲಿ 225 ದಿನ ಬೇಕು. ಕೆಲವು ಕ್ರಿಯೆಗಳು ಇಮ್ಮಡಿಯ ಲೆಕ್ಕವನ್ನೂ ಮೀರಿ ಶಾಖಕ್ಕೆ ಮಣಿಯುತ್ತವೆಂಬುದಕ್ಕೆ ಇದೇ ಸಾಕ್ಷಿ.

ಮನೆಯ ಇನ್ಸುಲಿನ್ ಸೀಸೆಗೆ ಇಂತಹ ಗುರುತಿಲ್ಲ, ಎಚ್ಚರವೊಂದೇ ಕಾವಲು. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ತಂಪು ಒಳ್ಳೆಯದೆಂದು ಫ್ರೀಜರಿನಲ್ಲಿಡುವುದು ತಪ್ಪು; ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಕೆಗೆ ಬಾರದು. ಬಳಸತೊಡಗಿದ ಸೀಸೆಯನ್ನು ಸುಮಾರು 4 ವಾರ ಹೊರಗಿಡಬಹುದೆಂಬ ಸೂಚನೆ 25 ಅಥವಾ 30 ಡಿಗ್ರಿ ಮೀರದ ಕೋಣೆಗೆ ಸಲ್ಲುತ್ತದೆ. ಮೇ ತಿಂಗಳ ಹೈದರಾಬಾದಿಗಲ್ಲ. ರಜೆಯಲ್ಲಿ ಊರಿಗೆ ಹೊರಡುವಾಗ ಅದನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಲಾಗದು. ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ತಂಪು ಪೆಟ್ಟಿಗೆಯಲ್ಲಿ ಒಯ್ಯಬೇಕು. ವಿದ್ಯುತ್ತು ಕೈಕೊಟ್ಟಾಗ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ನೀರು ಹೊಗದ ಡಬ್ಬಿಯಲ್ಲಿ ಸೀಸೆಯನ್ನಿಟ್ಟರೆ ಕೆಲವು ಡಿಗ್ರಿಗಳಾದರೂ ಇಳಿಯುತ್ತವೆ. ರಾಸಾಯನಿಕ ಕ್ರಿಯೆಯ ಲೆಕ್ಕದಲ್ಲಿ ಆ ಕೆಲವು ಡಿಗ್ರಿಗಳ ಬೆಲೆ ಅಲ್ಪವಲ್ಲ.