ಮಗುವಿನ ತಪ್ಪು ಉತ್ತರದಲ್ಲಿ ಏನಿದೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಮನೆಗಳಲ್ಲಿ ಐದು ವರ್ಷದ ಮಗುವಿನ ಒಂದು ದಿನವನ್ನು ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ ಮದ್ರಸದಲ್ಲಿ ಕಾಯಿದಾ ಹಿಡಿದು ಅಲಿಫ್, ಬಾ. ಆಮೇಲೆ ಶಾಲೆಯಲ್ಲಿ ಎ, ಬಿ, ಸಿ, ಜೊತೆಗೆ ಅ, ಆ, ಇ. ಅಮ್ಮಿಯ ಜೊತೆ ಉರ್ದು, ಬೀದಿಯ ಗೆಳೆಯರ ಜೊತೆ ಕನ್ನಡ. ಒಂದು ಲಿಪಿ ಬಲದಿಂದ ಎಡಕ್ಕೆ, ಎರಡು ಎಡದಿಂದ ಬಲಕ್ಕೆ. ಸಂಜೆ ಟ್ಯೂಷನ್. ಇಷ್ಟೆಲ್ಲ ಹೊತ್ತ ಮಗು ಆರನ್ನು ಒಂಬತ್ತಾಗಿ ಬರೆದರೆ ಸಾಕು, "ಇವನ ತಲೆಗೆ ಏನೂ ಹತ್ತುವುದಿಲ್ಲ" ಎಂದುಬಿಡುತ್ತೇವೆ. ಆ ಮಾತನ್ನು ಮಗುವೂ ಕೇಳಿಸಿಕೊಳ್ಳುತ್ತದೆ.

ಮಗುವಿನ ಬುದ್ಧಿ ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ ಸುಮಾರು ನೂರು ವರ್ಷಗಳಿಂದ ಗಂಭೀರ ಅಧ್ಯಯನ ನಡೆದಿದೆ. ಬಿ.ಎಡ್., ಡಿ.ಎಡ್. ಓದಿದವರಿಗೆ ಪಿಯಾಜೆ ಮತ್ತು ವೈಗಾಟ್ಸ್ಕಿ ಎಂಬ ಹೆಸರುಗಳು ಪರೀಕ್ಷೆಯ ಪ್ರಶ್ನೆಗಳಾಗಿ ಗೊತ್ತು. ನಮ್ಮ ದೃಷ್ಟಿಯಲ್ಲಿ ಇವರ ಮಾತು ಮೊದಲು ತಲುಪಬೇಕಾದದ್ದು ಅಡುಗೆಮನೆಗೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಯುವಕನಾಗಿದ್ದಾಗ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳ ಕೆಲಸದಲ್ಲಿದ್ದರು. ಸರಿ ಉತ್ತರಗಳನ್ನು ಎಣಿಸುವುದು ಅಲ್ಲಿನ ಕೆಲಸ. ಪಿಯಾಜೆಯ ಕಣ್ಣು ಹೋದದ್ದು ತಪ್ಪು ಉತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ಅದು ದಡ್ಡತನವಲ್ಲ, ಆ ವಯಸ್ಸಿನ ಯೋಚನೆಯ ರೀತಿಯೇ ಬೇರೆ ಎಂದು ಅವರು ತರ್ಕಿಸಿದರು. ಮುಂದೆ ತಮ್ಮ ಮೂವರು ಮಕ್ಕಳನ್ನು ತೊಟ್ಟಿಲಿನಿಂದಲೇ ಗಮನಿಸಿ ಬರೆದಿಟ್ಟರು.

ಅವರ ಪ್ರಸಿದ್ಧ ಪರೀಕ್ಷೆಯನ್ನು ನಾವು ಮನೆಯಲ್ಲೇ ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಎರಡೂ ಸಮ ಎಂದು ಮಗುವಿನಿಂದಲೇ ಹೇಳಿಸಿ. ಈಗ ಅದರ ಕಣ್ಣೆದುರೇ ಒಂದರ ನೀರನ್ನು ಎತ್ತರದ, ಕಿರಿದಾದ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಹೆಚ್ಚು? ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟವನ್ನು ತೋರಿಸುತ್ತದೆ. ನೀವು ಹತ್ತು ಸಲ ತಿದ್ದಿದರೂ ಅದರ ಕಣ್ಣಿಗೆ ಕಾಣುವುದು ಎತ್ತರವೇ. ಏಳೆಂಟು ವರ್ಷಕ್ಕೆ ಅದೇ ಮಗು "ಅಷ್ಟೇ ನೀರು ತಾನೆ?" ಎಂದು ನಮ್ಮನ್ನೇ ವಿಚಿತ್ರವಾಗಿ ನೋಡುತ್ತದೆ.

ಪಿಯಾಜೆ ಹೇಳಿದ ಹಂತಗಳು ನಾಲ್ಕು. ಎರಡು ವರ್ಷದವರೆಗೆ ಮುಟ್ಟಿ, ಕಚ್ಚಿ, ಎಸೆದು ತಿಳಿಯುವುದು. ಏಳರವರೆಗೆ ಮಾತು ಮತ್ತು ಕಲ್ಪನೆಯ ಆಟ. ತರ್ಕ ಇನ್ನೂ ಗಟ್ಟಿಯಾಗಿರುವುದಿಲ್ಲ. ಸುಮಾರು ಏಳರಿಂದ ಹನ್ನೊಂದರವರೆಗೆ ಕೈಗೆ ಸಿಗುವ ವಸ್ತುಗಳ ಬಗ್ಗೆ ತರ್ಕ. ಆಮೇಲೆ ಕಣ್ಣಿಗೆ ಕಾಣದ ವಿಷಯಗಳ ಬಗ್ಗೆ ತರ್ಕ. ಏಳನೇ ವಯಸ್ಸಿಗೆ ಮಕ್ಕಳಿಗೆ ನಮಾಝ್‌ಗೆ ಹೇಳಿರಿ ಎಂಬ ಹದೀಸ್ ಓದುಗರಿಗೆ ಇಲ್ಲಿ ನೆನಪಾಗಬಹುದು. ಇದನ್ನು ಅದಕ್ಕೆ ಪುರಾವೆಯಾಗಿ ಕಟ್ಟುವ ಉತ್ಸಾಹ ನಮಗಿಲ್ಲ. ಸಿದ್ಧಾಂತಗಳು ಬದಲಾಗುತ್ತವೆ, ಇದೂ ಬದಲಾಗಿದೆ.

ಹೇಗೆಂದರೆ, ಪಿಯಾಜೆ ಮಕ್ಕಳನ್ನು ಸ್ವಲ್ಪ ಕಡಿಮೆ ಅಂದಾಜು ಮಾಡಿದ್ದರು. 1974ರಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಗಾರ ಇಂಥದ್ದೇ ಪರೀಕ್ಷೆಯನ್ನು ಬಿಲ್ಲೆಗಳ ಸಾಲಿನಿಂದ ಮಾಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿ ಬೊಂಬೆ. ಆಗ ಬಹಳಷ್ಟು ಚಿಕ್ಕ ಮಕ್ಕಳು ಸರಿಯಾಗಿ ಹೇಳಿದರು. ದೊಡ್ಡವರು ಗಂಭೀರವಾಗಿ ಎರಡೆರಡು ಸಲ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕೆಂದು ಮಗು ಉತ್ತರ ಬದಲಿಸಿಬಿಡುತ್ತದೆ. ಬೆತ್ತ ಹಿಡಿದು ಕೇಳಿದರೆ ಏನಾದೀತು, ಯೋಚಿಸಿ. ಮೆಕ್ಸಿಕೊದಲ್ಲಿ ಕುಂಬಾರರ ಮಕ್ಕಳಿಗೆ ಜೇಡಿಮಣ್ಣಿನ ಉಂಡೆಯನ್ನು ತಟ್ಟಿ ಚಪ್ಪಟೆ ಮಾಡಿದರೂ ಮಣ್ಣು ಅಷ್ಟೇ ಎಂಬುದು ಬೇರೆ ಮಕ್ಕಳಿಗಿಂತ ಬೇಗ ತಿಳಿಯಿತು. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳು ಗಿರಾಕಿಯ ಮುಂದೆ ಚಕಚಕನೆ ಮಾಡಿದ ಲೆಕ್ಕವನ್ನೇ ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. ನಮ್ಮ ಸಂತೆಯಲ್ಲಿ ಅಬ್ಬಾನ ಪಕ್ಕ ಕುಳಿತು ಆಲೂಗಡ್ಡೆಗೆ ಚಿಲ್ಲರೆ ಎಣಿಸಿ ಕೊಡುವ ಹುಡುಗ ಶಾಲೆಯ ಗಣಿತದಲ್ಲಿ ಹಿಂದೆ ಬಿದ್ದಿದ್ದರೆ, ಅವನಿಗೆ ಲೆಕ್ಕ ಬರುವುದಿಲ್ಲ ಎನ್ನುವ ಮೊದಲು ಒಂದು ಕ್ಷಣ ನಿಲ್ಲಬೇಕು.

ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿದವರು ರಷ್ಯದ ಲೆವ್ ವೈಗಾಟ್ಸ್ಕಿ. ಕ್ಷಯದಿಂದ 1934ರಲ್ಲಿ, ಮೂವತ್ತೇಳನೇ ವಯಸ್ಸಿಗೇ ತೀರಿಕೊಂಡರು. ನಮ್ಮಂಥ ಮನೆಗಳಿಗೆ ಅವರ ಮಾತು ಇನ್ನೂ ಹತ್ತಿರ. ಆಡುತ್ತಾ ತನ್ನಷ್ಟಕ್ಕೇ ಮಾತಾಡಿಕೊಳ್ಳುವ ಮಗು ಆ ಮಾತಿನಿಂದಲೇ ಯೋಚಿಸುತ್ತಿದೆ. ಮುಂದೆ ಅದೇ ಮಾತು ಒಳಗೆ ಇಳಿದು ಆಲೋಚನೆಯಾಗುತ್ತದೆ ಎಂದರು. ಆ ಮಾತು ಮನೆಯ ಮಾತು. "ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿ" ಎಂಬ ಸಲಹೆ ಕೇಳಿ, ತಮಗೇ ಸರಿಯಾಗಿ ಬಾರದ ನಾಲ್ಕು ವಾಕ್ಯಗಳಲ್ಲಿ ಮಗುವನ್ನು ಸಾಕುವ ತಾಯಂದಿರಿದ್ದಾರೆ. ದಾದಿ ಉರ್ದುವಿನಲ್ಲಿ ಹೇಳುವ ಕಥೆ, ಮಗುವಿನ ನೂರು "ಕಾಯ್ಕು?"ಗಳಿಗೆ ಸಿಗುವ ಉತ್ತರ, ಇವು ನಿಂತರೆ ನಷ್ಟ ದೊಡ್ಡದು. ಎರಡು ಮೂರು ಭಾಷೆ ಕೇಳುವುದರಿಂದ ಮಗುವಿನ ಬುದ್ಧಿ ಕಲಸಿಹೋಗುವುದಿಲ್ಲ.

ವೈಗಾಟ್ಸ್ಕಿಯ ಇನ್ನೊಂದು ಮಾತು: ಮಗು ಇಂದು ನೆರವಿನಿಂದ ಮಾಡುವುದನ್ನು ನಾಳೆ ತಾನೇ ಮಾಡುತ್ತದೆ. ಕಲಿಸುವವರು ಆ ನಡುವಿನ ಜಾಗವನ್ನು ಹುಡುಕಬೇಕು. ಇದನ್ನು ನೋಡಲು ದೂರ ಹೋಗಬೇಕಿಲ್ಲ. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ತರಗತಿ ಸಾಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರೇ ಶುರು ಮಾಡಿದ್ದು ಇದು. 2009-10ರಿಂದ ರಾಜ್ಯಕ್ಕೆಲ್ಲ ಬಂತು. ಶಿಕ್ಷಕರ ಪೂರ್ಣ ನೆರವು ಬೇಕಾದ ಮಕ್ಕಳು ಒಂದು ಗುಂಪು, ಅರೆ ನೆರವು ಸಾಕಾದವರು ಇನ್ನೊಂದು, ಗೆಳೆಯರ ನೆರವಿನಿಂದ ಕಲಿಯುವವರು ಮತ್ತೊಂದು, ತಾವೇ ಕಲಿಯುವವರು ಬೇರೆ. ಗುಂಪು ಬದಲಾಗುತ್ತಾ ಹೋಗುತ್ತದೆ. "ಅಲ್ಲಿ ಬರೀ ಆಟ ಆಡಿಸುತ್ತಾರೆ" ಎಂದು ಮಗುವನ್ನು ಬಿಡಿಸಿ ಸಾಲ ಮಾಡಿ ಫೀಸು ಕಟ್ಟುವವರು ಒಂದು ದಿನ ಅಲ್ಲಿ ಕುಳಿತು ನೋಡಿಬಂದರೆ ಒಳ್ಳೆಯದು. ಎಲ್ಲ ಶಾಲೆಗಳಲ್ಲೂ ಅದು ಚೆನ್ನಾಗಿಯೇ ನಡೆಯುತ್ತದೆ ಎಂದು ನಾವು ಹೇಳುವುದಿಲ್ಲ, ಶಿಕ್ಷಕರ ಮೇಲಿದೆ.

ಆಟದ ವಿಷಯ ನಮಗೆ ಹೊಸದೂ ಅಲ್ಲ. ಪಾಠದ ನಂತರ ಮಗುವಿಗೆ ಆಡಲು ಬಿಡಬೇಕು, ಸದಾ ಓದಿಗೇ ಕೂರಿಸಿದರೆ ಹೃದಯ ಸತ್ತು ಬುದ್ಧಿ ಮಂಕಾಗುತ್ತದೆ ಎಂದು ಇಮಾಮ್ ಗಝ್ಝಾಲಿ(ರ) ಇಹ್ಯಾದಲ್ಲಿ ಬರೆದು ಒಂಬತ್ತು ಶತಮಾನ ದಾಟಿತು. ಇಬ್ನು ಖಲ್ದೂನ್ (1332–1406) ಮುಕದ್ದಿಮಾದಲ್ಲಿ ವಿದ್ಯೆಯನ್ನು ಸ್ವಲ್ಪ ಸ್ವಲ್ಪವಾಗಿ, ಕಲಿಯುವವನ ಶಕ್ತಿ ನೋಡಿ ಕೊಡಬೇಕೆಂದರು. ಶಿಕ್ಷೆಯ ಕಠೋರತೆ ಚಿಕ್ಕ ಮಕ್ಕಳನ್ನು ಸುಳ್ಳು ಮತ್ತು ಕಪಟಕ್ಕೆ ದೂಡುತ್ತದೆ ಎಂದೂ ಎಚ್ಚರಿಸಿದರು.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಾಗ "ಒಂದು ವರ್ಷ ಹಾಳಾಯಿತು" ಎಂದು ಕೊರಗಿದ ಮನೆಗಳು ಬಹಳ. ಆ ವರ್ಷದಲ್ಲಿ ಮಗು ರೊಟ್ಟಿ ಹಿಟ್ಟು ನಾದಲಿ, ಬಟಾಣಿ ಬಿಡಿಸಿ ಎಣಿಸಲಿ, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಎರಡು ವರ್ಷವಾದರೂ ಮಗು ಎರಡು ಪದ ಕೂಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಮಕ್ಕಳಿಗಾಗಿ. ಹಾಸನದಿಂದ, ಹೊಳೆನರಸೀಪುರದಿಂದ ರೈಲಿನಲ್ಲೇ ಹೋಗಿ ಬರಬಹುದು.